ಮಂಜಿ ಹಿಂದೆ, ಮರಿಗೆ ಮುಂದೆ

ಹೋದ ವಾರ ಒಮಾನಿನ ಬರ್ಕಾದ ಮೀನು ಮಾರ್ಕೆಟ್ಟಿನ ಹಿಂಬದಿಯಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದೆ, ಅಷ್ಟೆ. ಮೂಗಿಗೆ ಒಂದು ಪೆಟ್ಟು ಬಿತ್ತು. ಯಾರೋ ಹಳೆಯ ದೋಣಿಯೊಂದನ್ನು ಮಗುಚಿ ಹಾಕಿ ಅದರ ಬೆನ್ನಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಜತೆಗಿದ್ದ ಗೆಳೆಯ ಮೂಗಿಗೆ ಕರ್ಚೀಫು ಒತ್ತಿಕೊಂಡು "ಎಂತ ನಾತ ಮಾರಾಯ" ಎಂದ. ನಾನೋ, ಅತ್ತರಿನ ಅಂಗಡಿಗೆ ಬಂದ ಮದುಮಗನ ಹಾಗೆ ಕಣ್ಣು ಮುಚ್ಚಿ ಇನ್ನೊಂದು ಉಸಿರು ಎಳೆದುಕೊಂಡೆ. ಮೀನು ತರಲಿಕ್ಕೆ ಬಂದದ್ದೇ ಮರೆತುಹೋಯಿತು.

ಎರಡು ಚಳಿಗಾಲಗಳ ಹಿಂದೆ ನನ್ನ ಅಂಗಿ, ತಲೆದಿಂಬು, ಕೊನೆಗೆ ಚಾದ ಗ್ಲಾಸು ಕೂಡ ಇದೇ ವಾಸನೆ ಹೊಡೆಯುತ್ತಿತ್ತು. ನಾನಾಗ ವಾದಿ ಅದಾಯ್‌ನ ಒಂದು ಟೈಲ್ಸ್ ಶೋರೂಮಿನಲ್ಲಿ ಸೇಲ್ಸ್‌ಮನ್. ಗಿರಾಕಿಗಳಿಗೆ ಬಾತ್‌ರೂಮಿನ ಟೈಲ್ಸ್ ತೋರಿಸುತ್ತಿದ್ದರೆ ಅವರು ಮೆಲ್ಲನೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. "ಈ ಡಿಸೈನು ದೂರದಿಂದ ನೋಡಿದರೇ ಚಂದ ಸರ್" ಎಂದು ನಾನು ಅದನ್ನೂ ವ್ಯಾಪಾರಕ್ಕೆ ಸೇರಿಸಿಕೊಂಡೆ.

ಇದಕ್ಕೆಲ್ಲ ಮೂಲ ನನ್ನ ಬಾಯಿ. ನನಗೊಂದು ಕಾಯಿಲೆ ಉಂಟು. ಯಾರ ಜತೆ ಸ್ವಲ್ಪ ಹೊತ್ತು ಕೂತರೂ ಅವರ ಸ್ವರ ಬಂದು ನನ್ನ ಗಂಟಲಲ್ಲಿ ಬಾಡಿಗೆಗೆ ಕೂರುತ್ತದೆ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಶ್ರೀನಾಥ್ ಸರ್ ಮನೆಯಲ್ಲಿ ಒಂದು ಶುಕ್ರವಾರ ಕನ್ನಡದವರ ಊಟ ಇತ್ತು. ಶ್ರೀನಾಥ್ ಸರ್ ಮೈಸೂರಿನವರು, ದೊಡ್ಡ ಕಂಪನಿಯಲ್ಲಿ ಫೈನಾನ್ಸು. ಸಾರಿಗೆ ಉಪ್ಪು ಹಾಕುವುದಕ್ಕೂ ಬ್ಯಾಕಪ್ ಪ್ಲಾನ್ ಕೇಳುವ ಮನುಷ್ಯ. ಊಟವಾದ ಮೇಲೆ ನಾನು ಹಮೀದಾಕನ ಅನುಕರಣೆ ಮಾಡಿದೆ. ಹಮೀದಾಕ ನನ್ನ ರೂಮಿನ ಕೆಳಗಿದ್ದ ಮರಗೆಲಸದ ವರ್ಕ್‌ಶಾಪಿನ ಮೇಸ್ತ್ರಿ, ಉಳ್ಳಾಲದವರು. ನೇತ್ರಾವತಿಯಲ್ಲಿ ಹಂಚು ಸಾಗಿಸುವ ಮಂಜಿ ಎಂಬ ದೊಡ್ಡ ದೋಣಿ ನಡೆಸಿದವರ ಮಗ. ಆ ಮಂಜಿಯ ಕಥೆ ಕೇಳದ ಮಲಯಾಳಿ, ಬಂಗಾಳಿ, ಪಠಾಣ ವಾದಿ ಅದಾಯ್‌ನಲ್ಲಿ ಒಬ್ಬನೂ ಇರಲಿಕ್ಕಿಲ್ಲ. ನಾನು ಲುಂಗಿ ಮೇಲೆತ್ತಿದ ಹಾಗೆ ಮಾಡಿ, ಒಂದು ಕೆಮ್ಮು ಕೆಮ್ಮಿ, "ನೀರು ಅಂದ್ರೆ ಎಂತ ಗೊತ್ತುಂಟಾ ನಿಮಗೆ? ನಾನು ತೊಟ್ಟಿಲಲ್ಲಿ ಮಲಗಿದ್ದೇ ಅಲ್ಲ, ದೋಣಿಯಲ್ಲೇ" ಎಂದೆ. ಎಲ್ಲರೂ ನಕ್ಕರು. ಹಿಂದೆ ತಿರುಗಿದರೆ ಬಾಗಿಲಲ್ಲಿ ಹಮೀದಾಕ ನಿಂತಿದ್ದರು, ಕೈಯಲ್ಲಿ ಹಲ್ವದ ಡಬ್ಬ.

"ಕೆಮ್ಮು ಸರಿ ಬರ್ಲಿಲ್ಲ" ಎಂದರು ಅವರು. "ಮತ್ತೆ ದೋಣಿ ವಿಷಯ ತಮಾಷೆ ಅಂತ ಎಣಿಸಬೇಡ. ಬೇಕಾದ್ರೆ ನಾಳೆಯೇ ಒಂದು ಕಟ್ಟಿ ತೋರಿಸ್ತೇನೆ."

"ಕಟ್ಟಿ ಎಲ್ಲಿ ಬಿಡೋದು ಹಮೀದ್? ಸ್ವಿಮ್ಮಿಂಗ್ ಪೂಲಲ್ಲಾ?" ಎಂದರು ಶ್ರೀನಾಥ್ ಸರ್.

ಪ್ರಶಾಂತ ಬಾಯಿ ಹಾಕಿದ. ಇವನು ನನ್ನ ರೂಮಿನವನು, ಮೂಡಬಿದ್ರೆಯವನು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ಶಿನಾಸ್ ಕಡೆಗೆ ಕೇಬಲ್ ಡೆಲಿವರಿಗೆ ಹೋದಾಗ ಅಲ್ಲೊಂದು ಖೋರ್ ನೋಡಿದ್ದನಂತೆ. ಸಮುದ್ರದ ನೀರು ಒಳನಾಡಿಗೆ ಬಳುಕಿಕೊಂಡು ಬಂದು, ಎರಡೂ ದಡಕ್ಕೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ, ನಡುವೆ ಹಸಿರು ನೀರು. "ನಮ್ಮ ಪಾವಂಜೆ ಹೊಳೆಯ ಹಾಗೇ ಉಂಟು ಮಾರಾಯ್ರೆ. ಒಳಗಿನಿಂದ ದೋಣಿ ಬಿಟ್ರೆ ತೇಲ್ಕೊಂಡು ಅಳಿವೆಗೆ ಬರ್ಬಹುದು. ಅಳಿವೆಯಲ್ಲಿ ಒಳ್ಳೆ ಮರಳು, ಟೆಂಟು ಹಾಕ್ಲಿಕ್ಕೆ ಜಾಗ."

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಗಲ್ಫಿನಲ್ಲಿ ಊಟದ ನಂತರ ಕಟ್ಟಿದ ದೋಣಿಗಳೆಲ್ಲ ಕೈ ತೊಳೆಯುವಷ್ಟರಲ್ಲಿ ಮುಳುಗುತ್ತವೆ. ಆದರೆ ಅಡುಗೆ ಮನೆಯಿಂದ ಜಯಂತಿ ಮೇಡಂ ಬಂದರು. ಶ್ರೀನಾಥ್ ಸರ್ ಹೆಂಡತಿ, ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಟೀಚರು. ಮಜ್ಜಿಗೆಯ ಜಗ್ಗನ್ನು ಮೇಜಿನ ಮೇಲಿಟ್ಟು, "ಹಮೀದಾಕ, ಎರಡು ದೋಣಿ ಕಟ್ಟೋ ಹಾಗಿದ್ರೆ ಒಂದು ನಾನು ಕಟ್ತೀನಿ. ಕಲಿಸ್ಕೊಡ್ತೀರಾ?" ಎಂದರು.

ಶ್ರೀನಾಥ್ ಸರ್ ನಕ್ಕುಬಿಟ್ಟರು. ಮೇಡಂ ನಗಲಿಲ್ಲ.

ಹೀಗೆ ಆ ಚಳಿಗಾಲದ ಶುಕ್ರವಾರಗಳೆಲ್ಲ ವರ್ಕ್‌ಶಾಪಿಗೆ ಹೋದವು. ಜುಮಾ ನಮಾಜು, ಊಟ, ಒಂದು ಸಣ್ಣ ನಿದ್ದೆ, ಆಮೇಲೆ ಷಟರು ಅರ್ಧ ಎತ್ತಿ ಟಕಟಕ. ಹಮೀದಾಕ ಬಾಗಿಲ ದಾರಂದಕ್ಕೆ ತರಿಸಿದ ಮರದಲ್ಲಿ ಉಳಿದ ಹಲಗೆಗಳನ್ನು ಕಫೀಲನಿಂದ, ಎಂದರೆ ವೀಸಾ ಕೊಟ್ಟ ಧಣಿಯಿಂದ, ಕೇಳಿ ಪಡೆದಿದ್ದರು. ಅವರ ದೋಣಿ ಆಳವಾದ ಹೊಟ್ಟೆಯದು, ಎತ್ತರದ ಮೂತಿಯದು, ನಾಲ್ಕು ಜನ ಸೇರಿದರೂ ಅಲ್ಲಾಡದಷ್ಟು ಭಾರ. ಅದಕ್ಕೆ ನಾವು ಮಂಜಿ ಎಂದೇ ಹೆಸರಿಟ್ಟೆವು. ಹಲಗೆಯ ಸಂದಿಗಳಿಗೆ ಹತ್ತಿ ತುರುಕುತ್ತ ಅವರು ನೇತ್ರಾವತಿಗೆ ಹೋಗಿಬಿಡುತ್ತಿದ್ದರು. ಕರೆದರೂ ಕೇಳುತ್ತಿರಲಿಲ್ಲ.

ನಾನೂ ಪ್ರಶಾಂತನೂ ಸೇರಿ ಒಂದು ಕಟ್ಟಿದೆವು. ಅದರ ವರ್ಣನೆ ಬೇಡ. ನಾನು ಹಿಡಿದ ಬದಿ ಒಂದು ಅಳತೆ, ಅವನು ಹಿಡಿದ ಬದಿ ಇನ್ನೊಂದು. ಹಮೀದಾಕ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದು ನೇರ ಹೋಗುದಿಲ್ಲ ಮೋನು. ಇದಕ್ಕೆ ಎಡಗಡೆಯಲ್ಲಿ ಯಾರೋ ಸಂಬಂಧಿಕರಿದ್ದಾರೆ" ಎಂದರು.

ಜಯಂತಿ ಮೇಡಂ ಅವರದ್ದು ಪ್ಲೈವುಡ್ಡಿನ ಚಪ್ಪಟೆ ತಳದ ಪುಟ್ಟ ದೋಣಿ. ಹೊಸಬರ ಕೈಗೆ ಸುಲಭ ಎಂದು ಹಮೀದಾಕನೇ ಗೆರೆ ಎಳೆದು ಕೊಟ್ಟಿದ್ದರು. ಮೊದಲ ದಿನ ಮೇಡಂ ಮೊಳೆಗಿಂತ ಹೆಚ್ಚು ಹೆಬ್ಬೆರಳಿಗೆ ಹೊಡೆದರು. ಮೂರನೆಯ ವಾರಕ್ಕೆ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡೇ ನನಗೆ ಬೈಯುವಷ್ಟು ಪಳಗಿದರು. ನಾನು ಆ ದೋಣಿಯನ್ನು ನೋಡಿ, "ಮೇಡಂ, ಇದು ನಮ್ಮ ಅಜ್ಜಿ ಹಿಟ್ಟು ಕಲಸುವ ಮರಿಗೆಯ ಹಾಗುಂಟು. ಇದರಲ್ಲಿ ಕೂತ್ಕೊಳ್ಳುದಾ, ರೊಟ್ಟಿ ಮಾಡುದಾ?" ಎಂದಿದ್ದೆ. ಅಂದಿನಿಂದ ಅದು ಮರಿಗೆ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಬಣ್ಣ ತೆಗೆದುಕೊಂಡು ಮೂತಿಯ ಮೇಲೆ ದುಂಡಗೆ 'ಮರಿಗೆ' ಎಂದು ಬರೆದೇಬಿಟ್ಟರು.

ಅಷ್ಟು ಹೊತ್ತೂ ಶ್ರೀನಾಥ್ ಸರ್ ಹೊರಗೆ ಕಾರಿನಲ್ಲಿ ಏಸಿ ಹಾಕಿಕೊಂಡು ಕೂತಿರುತ್ತಿದ್ದರು. ಮೇಡಂಗೆ ಲೈಸೆನ್ಸ್ ಇರಲಿಲ್ಲ. ಒಮಾನಿನಲ್ಲಿ ಅದು ಸುಲಭದ ಮಾತಲ್ಲ. ಮೊದಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ನಡೆಸಬೇಕು, ಆಮೇಲೆ ಏರು, ಆಮೇಲೆ ರಸ್ತೆ. ಮೇಡಂ ಡ್ರಮ್ಮು ಗೆದ್ದಿದ್ದರು, ಏರು ಗೆದ್ದಿದ್ದರು. ರಸ್ತೆಯಲ್ಲಿ ಮಾತ್ರ ಪ್ರತಿಸಲವೂ ರೌಂಡ್‌ಅಬೌಟಿನ ಬಾಯಲ್ಲಿ ನಿಂತು, ಬಂದವರಿಗೆಲ್ಲ ದಾರಿ ಬಿಟ್ಟು ಬಿಟ್ಟು, ಪರೀಕ್ಷೆ ಮಾಡುವವನ ತಾಳ್ಮೆ ಮುಗಿಯುವವರೆಗೆ ಅಲ್ಲೇ ಇರುತ್ತಿದ್ದರಂತೆ. ಒಂದು ಸಂಜೆ ನಾನು ಆ ಪರೀಕ್ಷೆಯವನ ಸ್ವರದಲ್ಲಿ "ಮದಾಮ್, ಯಲ್ಲಾ, ಗೋ" ಎಂದು ನಟಿಸಿದೆ. ಮೇಡಂ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಉಜ್ಜುಕಾಗದವನ್ನು ಹಲಗೆಯ ಮೇಲೆ ಆಡಿಸುತ್ತ ಹೇಳಿದರು:

"ಮಾರ್ಚ್‌ಗೆ ಇವರ ಕಾಂಟ್ರಾಕ್ಟ್ ಮುಗಿಯುತ್ತೆ ಕಣೋ ಅಲ್ತಾಫ್. ಮೈಸೂರಿಗೆ ವಾಪಸ್. ಇಷ್ಟು ವರ್ಷ ಈ ದೇಶದಲ್ಲಿ ನಾನು ಪಕ್ಕದ ಸೀಟಲ್ಲಿ ಕೂತೇ ಎಲ್ಲಾ ನೋಡಿದೀನಿ. ಹೋಗೋ ಮುಂಚೆ ಒಂದೇ ಒಂದು ದಾರೀನ ಮೊದಲಿಂದ ಕೊನೇವರೆಗೂ ನಾನೇ ಹೋಗ್ಬೇಕು. ಯಾರೂ ಎಳೀಬಾರ್ದು, ಯಾರೂ ತಳ್ಳಬಾರ್ದು. ಅಳಿವೆ ತನಕ."

ನಾನು ಮೀನೆಣ್ಣೆಯ ಡಬ್ಬ ಎತ್ತಿಕೊಂಡು ಮಂಜಿಯ ಕಡೆಗೆ ಹೋದೆ.

ರಂಜಾನ್ ಹತ್ತಿರ ಬರುತ್ತಿತ್ತು, ಅದಕ್ಕೆ ಮೊದಲೇ ಹೋಗಿ ಬರಬೇಕೆಂದು ಹಮೀದಾಕ ಒಂದು ಶುಕ್ರವಾರ ಗೊತ್ತುಮಾಡಿದರು. ಶ್ರೀನಾಥ್ ಸರ್ ಮೊಬೈಲಿನಲ್ಲಿ ಆ ದಿನದ ಉಬ್ಬರ ಇಳಿತದ ಸಮಯ ತೆಗೆದು, "ಬೆಳಿಗ್ಗೆ ಹೈ ಟೈಡ್, ಆಮೇಲೆ ಮಧ್ಯಾಹ್ನದವರೆಗೂ ನೀರು ಇಳೀತಾ ಹೋಗುತ್ತೆ. ಇದು ಪ್ರಾಬ್ಲಮ್ ಅಲ್ವಾ?" ಎಂದರು.

"ಪ್ರಾಬ್ಲಮ್ಮಾ? ಅದೇ ಬೇಕಾದ್ದು ಸಾರ್" ಎಂದರು ಹಮೀದಾಕ. "ಇಳಿತಕ್ಕೆ ಬಿಟ್ರೆ ಹೊಳೆಯೇ ನಮ್ಮನ್ನು ಎಳ್ಕೊಂಡು ಹೋಗ್ತದೆ. ಹುಟ್ಟು ಹಾಕ್ಲಿಕ್ಕೇ ಇಲ್ಲ. ನನ್ನ ತಂದೆ ಹಾಗೇ ಹೋಗ್ತಾ ಇದ್ದದ್ದು. ಅವಸರ ಎಂತಕ್ಕೆ? ಚಾ ಕುಡಿದು ಆರಾಮಲ್ಲಿ ಬಿಡುವ."

ಉಳ್ಳಾಲದ ನಾನು ತಲೆಯಾಡಿಸಿದೆ. ಮೂಡಬಿದ್ರೆಯ ಪ್ರಶಾಂತ ತಲೆಯಾಡಿಸಿದ. ಕಾವೇರಿಯನ್ನು ಕೆ.ಆರ್.ಎಸ್. ಅಣೆಕಟ್ಟಿನ ಮೇಲಿನಿಂದ ಮಾತ್ರ ನೋಡಿದ ಶ್ರೀನಾಥ್ ಸರ್ ಮೊಬೈಲನ್ನು ಜೇಬಿಗಿಳಿಸಿದರು.

ಆ ಬೆಳಿಗ್ಗೆ ಚುಮುಚುಮು ಬೆಳಕಿನಲ್ಲಿ ಎರಡು ಕಾರುಗಳನ್ನು ಅಳಿವೆಯ ಮರಳಿನಲ್ಲಿ ನಿಲ್ಲಿಸಿದೆವು. ಟೆಂಟು, ಒಲೆ, ಅಕ್ಕಿ ಎಲ್ಲ ಅದರಲ್ಲೇ. ಬಲೆ ಸರಿಮಾಡುತ್ತಿದ್ದ ಒಮಾನಿ ಅಜ್ಜರೊಬ್ಬರು ನಮ್ಮತ್ತ ಏನೋ ಕೂಗಿದರು. ಹಮೀದಾಕ ದೊಡ್ಡ ಸಲಾಂ ಹೇಳಿ ಕೈ ಬೀಸಿದರು, ನಾವೂ ಬೀಸಿದೆವು. ಆಮೇಲೆ ಬಾಡಿಗೆಯ ದೊಡ್ಡ ಪಿಕಪ್ಪಿನಲ್ಲಿ ಮೂರು ದೋಣಿಗಳ ಜತೆ ಖೋರಿನ ಒಳತುದಿಗೆ ಹೋದೆವು. ಪಿಕಪ್ಪಿನವನು ನಮ್ಮನ್ನು ಇಳಿಸಿ, ದೋಣಿಗಳನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ, ಫೋಟೋ ಹೊಡೆದುಕೊಂಡು ಹೋದ. ನಾವು ದಡದಲ್ಲೇ ಕೂತು ಆರಾಮವಾಗಿ ಫ್ಲಾಸ್ಕಿನ ಚಾ ಮುಗಿಸಿದೆವು.

ನೀರಿಗಿಳಿಸಿದ ಕೂಡಲೇ ಮಂಜಿ ಸಂದಿ ಸಂದಿಯಲ್ಲಿ ಜಿನುಗತೊಡಗಿತು. "ಇಲ್ಲಿಯ ಒಣಹವೆಗೆ ಹಲಗೆ ಕುಗ್ಗಿದೆ. ಸ್ವಲ್ಪ ಹೊತ್ತಲ್ಲಿ ಉಬ್ಬಿ ಮುಚ್ಕೊಳ್ತದೆ, ಹೆದರ್ಬೇಡಿ" ಎಂದರು ಹಮೀದಾಕ. ಬಣ್ಣದ ಡಬ್ಬದಲ್ಲಿ ನೀರು ಮೊಗೆಯುವ ಕೆಲಸ ಶ್ರೀನಾಥ್ ಸರ್ ಪಾಲಿಗೆ ಬಂತು. ಮಧ್ಯಾಹ್ನದ ಬಿರಿಯಾನಿಯ ಪಾತ್ರೆ ಒದ್ದೆಯಾಗಬಾರದೆಂದು ಅದನ್ನೂ, ಮೇಡಂ ತಂದ ಮೊಸರನ್ನದ ಡಬ್ಬಿಯನ್ನೂ ಮರಿಗೆಯಲ್ಲಿಟ್ಟೆವು. ಮೇಡಂ ಮೊಬೈಲನ್ನು ಸರ್ ತಮ್ಮ ಜಿಪ್ಪಿನ ಚೀಲದಲ್ಲಿ ಹಾಕಿಕೊಂಡರು, ಸೇಫ್ ಎಂದು.

ಹೊರಡುವ ಮೊದಲು ಒಂದು ತಕರಾರು ಆಯಿತು. ಸರ್ ಹಗ್ಗ ಹಿಡಿದುಕೊಂಡು ಬಂದು, "ಜಯಾ, ನಿನ್ನ ದೋಣೀನ ನಮ್ಮದಕ್ಕೆ ಕಟ್ತೀನಿ. ಉದ್ದಕ್ಕೇ ಬಿಟ್ಟಿರ್ತೀನಿ, ನಿಂಗೆ ಗೊತ್ತೂ ಆಗಲ್ಲ" ಎಂದರು.

"ಕಟ್ಟಿದ್ರೆ ನಾನು ಇಲ್ಲೇ ಇಳೀತೀನಿ" ಎಂದರು ಮೇಡಂ.

"ರಿಸ್ಕ್ ಕಣೇ."

"ಲೈಫ್ ಜಾಕೆಟ್ ಹಾಕ್ಕೊಂಡಿದೀನಿ. ನೀರು ಎದೆಮಟ್ಟಾನೂ ಇಲ್ಲ."

ಇಬ್ಬರೂ ಹಮೀದಾಕನ ಮುಖ ನೋಡಿದರು. ಹಮೀದಾಕ ಹಗ್ಗವನ್ನು ಸರ್ ಕೈಯಿಂದ ತೆಗೆದುಕೊಂಡು ಸುರುಳಿ ಸುತ್ತಿ ದಡಕ್ಕೆ ಎಸೆದರು. "ಹಗ್ಗ ಕಟ್ಟಿದ ದೋಣಿಗೆ ಬುದ್ಧಿ ಬರುದಿಲ್ಲ ಸಾರ್. ಯಲ್ಲಾ, ಬಿಡಿ."

ಆಹಾ, ಆ ಮೊದಲ ಒಂದು ಗಂಟೆ. ಈಗ ಬರೆಯುತ್ತಿದ್ದರೂ ಕಾಲಡಿಯಲ್ಲಿ ನೆಲ ತೇಲಿದ ಹಾಗಾಗುತ್ತದೆ. ಹಮೀದಾಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನೀರು ನಮ್ಮನ್ನು ಎತ್ತಿಕೊಂಡು ಓಡಿತು. ಕಾಂಡ್ಲಾದ ಕೊಂಬೆಗಳು ತಲೆಗೆ ಸವರುತ್ತಿದ್ದವು, ನಾವು ಬಗ್ಗುತ್ತಿದ್ದೆವು, ತಿರುವಿನಲ್ಲಿ ಫ್ಲೆಮಿಂಗೋ ಹಕ್ಕಿಗಳ ಗುಂಪೊಂದು ಬಿಳಿ ಗುಲಾಬಿ ಬಟ್ಟೆ ಕೊಡವಿದ ಹಾಗೆ ಎದ್ದು ಹಾರಿತು. ನಮ್ಮ ದೋಣಿ ಎಡಗಡೆಯ ಪ್ರತಿ ಗಿಡಕ್ಕೂ ಹೋಗಿ ಕುಶಲ ವಿಚಾರಿಸಿ ಬರುತ್ತಿತ್ತು. ಪ್ರಶಾಂತ ಬೈಯುತ್ತಿದ್ದ, ನಾನು ಟೂರಿಸ್ಟ್ ಗೈಡಿನ ಸ್ವರದಲ್ಲಿ "ನಿಮ್ಮ ಎಡಗಡೆಗೆ ಮತ್ತೊಮ್ಮೆ ಎಡಗಡೆ" ಎನ್ನುತ್ತಿದ್ದೆ. ಹಮೀದಾಕ ಮಂಜಿಯ ಹಿಂದುಗಡೆ ನಿಂತು ಉದ್ದದ ಗಳ ಊರುತ್ತ ಯಾವುದೋ ಬ್ಯಾರಿ ಹಾಡನ್ನು ಅರ್ಧರ್ಧ ಹೇಳುತ್ತಿದ್ದರು. ಮೂವತ್ತು ವರ್ಷ ಕಿಚನ್ ಕ್ಯಾಬಿನೆಟ್ಟು ಮಾಡಿದ ಮನುಷ್ಯ ಅಲ್ಲಿ ಇರಲಿಲ್ಲ. ಶ್ರೀನಾಥ್ ಸರ್ ಕೂಡ ನೀರು ಮೊಗೆಯುವುದನ್ನು ಮರೆತು ನಗುತ್ತಿದ್ದರು.

ಎಲ್ಲರಿಗಿಂತ ಮುಂದೆ ಮರಿಗೆ. ಮೇಡಂ ಮೊದಮೊದಲು ಹುಟ್ಟನ್ನು ಸೌಟಿನ ಹಾಗೆ ಹಿಡಿದಿದ್ದರು. ಎರಡು ಸಲ ತಿರುಗಿ ನಿಂತರು, ಒಮ್ಮೆ ಹಿಮ್ಮುಖವಾಗಿಯೇ ಸ್ವಲ್ಪ ದೂರ ಹೋದರು. ಆಮೇಲೆ ಕೈ ಕೂಡಿತು. ಒಂದು ಬದಿ ಎರಡು ಹುಟ್ಟು, ಇನ್ನೊಂದು ಬದಿ ಎರಡು. ಬೆನ್ನು ನೆಟ್ಟಗೆ. ಹಿಂದೆ ತಿರುಗಿ ನೋಡುವುದನ್ನೂ ಬಿಟ್ಟರು.

ಮೊದಲು ಕಂಡದ್ದು ಬೇರುಗಳು. ಕಾಂಡ್ಲಾ ಗಿಡಗಳ ಬುಡದಲ್ಲಿ ಪೆನ್ಸಿಲು ನೆಟ್ಟ ಹಾಗೆ ಸಾವಿರಾರು ಬೇರುಗಳು ತಲೆ ಎತ್ತಿದವು. "ನೋಡು, ಎಷ್ಟು ಚಂದ" ಎಂದೆ ನಾನು. ಆಮೇಲೆ ದಡದ ಕೆಸರು ಒಂದು ಮೊಳ ಹೊಳೆಯಿತು. ಏಡಿಗಳು ಹೊರಗೆ ಬಂದು ನಮ್ಮನ್ನು ನೋಡಿದವು. ಆಮೇಲೆ ಮಂಜಿಯ ಹೊಟ್ಟೆಯಡಿ 'ಕರ್ರ್' ಎಂದಿತು.

"ದಿಬ್ಬ" ಎಂದರು ಹಮೀದಾಕ, ಗಳ ಊರಿ ಪಕ್ಕಕ್ಕೆ ತಳ್ಳಿದರು. ಮತ್ತೆ 'ಕರ್ರ್'. ಮತ್ತೊಮ್ಮೆ ತಳ್ಳಿದರು. ಮೂರನೆಯ ಸಲ ಮಂಜಿ ಊಟವಾದ ಮೇಲೆ ಚಾಪೆಗೆ ಒರಗುವ ಯಜಮಾನನ ಹಾಗೆ ಮೆಲ್ಲನೆ ಒಂದು ಬದಿಗೆ ವಾಲಿ ಕೂತುಬಿಟ್ಟಿತು. ಅದರ ಹಿಂದೆಯೇ ಬಂದು ನಮ್ಮದೂ ಕೆಸರಿಗೆ ಮೂಗು ತೂರಿಸಿತು.

ಹಮೀದಾಕ ಗಳವನ್ನು ನೀರಿಗಿಳಿಸಿ ನೋಡಿದರು. ಮೊಣಕಾಲಿಗೂ ಇಲ್ಲ. ನೋಡುತ್ತಿದ್ದ ಹಾಗೆಯೇ ಅದೂ ಇಳಿಯುತ್ತಿತ್ತು. ಅವರು ತಿರುಗಿ ನಾವು ಬಂದ ದಾರಿಯನ್ನು ಬಹಳ ಹೊತ್ತು ನೋಡಿದರು, ಅಲ್ಲಿಂದ ಯಾರೋ ಬರಬೇಕಾದವರು ಬಂದಿಲ್ಲವೇನೋ ಎನ್ನುವ ಹಾಗೆ.

"ಹಿಂದಿನಿಂದ ನೀರು ಬರುದಿಲ್ಲ" ಎಂದರು ಕೊನೆಗೆ.

ಅಷ್ಟರಲ್ಲಿ ನನಗೂ ಹೊಳೆಯಿತು. ನೇತ್ರಾವತಿಯಲ್ಲಿ ಎಷ್ಟೇ ಇಳಿತವಿದ್ದರೂ ಬೆನ್ನ ಹಿಂದೆ ಘಟ್ಟ ಉಂಟು, ಅದು ನೀರು ಕಳಿಸುತ್ತಲೇ ಇರುತ್ತದೆ. ಸಮುದ್ರ ತನ್ನ ಪಾಲು ತೆಗೆದುಕೊಂಡರೂ ಹೊಳೆ ಹೊಳೆಯೇ. ಈ ಖೋರಿನ ಬೆನ್ನ ಹಿಂದೆ ಇರುವುದು ಜಲ್ಲಿಕಲ್ಲಿನ ಬಯಲು, ಅದರ ಹಿಂದೆ ಬೋಳು ಬೆಟ್ಟ. ಇಲ್ಲಿದ್ದ ಪ್ರತಿ ಹನಿಯೂ ಸಮುದ್ರದ್ದು, ಬೆಳಿಗ್ಗೆ ಸಾಲ ಕೊಟ್ಟಿತ್ತು, ಈಗ ವಾಪಸು ಒಯ್ಯುತ್ತಿತ್ತು. ಹೊಳೆ ನೋಡಿಯೇ ಬೆಳೆದ ಮೂವರೂ ಇದನ್ನು ಹೊಳೆ ಎಂದೇ ನಂಬಿ ಚಾ ಕುಡಿಯುತ್ತ ಕೂತಿದ್ದೆವು. ಊರಿನಲ್ಲಿ ಮೀನು ಮಾರುವ ಹೆಂಗಸರಿಗೆ ಗೊತ್ತಾದರೆ ಬುಟ್ಟಿ ಇಳಿಸಿ ನಗುತ್ತಾರೆ.

ಮುಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮರಿಗೆ ಇನ್ನೂ ತೇಲುತ್ತಿತ್ತು. ಖೋರಿನ ನಡುವೆ ಉಳಿದ ಒಂದು ಸಪೂರ ಕಾಲುವೆಯಂಥ ನೀರಿನಲ್ಲಿ, ಅಂಗೈ ಆಳ ಸಾಕು ಎನ್ನುವ ಹಾಗೆ.

"ಜಯಾ, ಅಲ್ಲೇ ನಿಲ್ಲು" ಎಂದು ಸರ್ ಕೂಗಿದರು. "ನಾವೆಲ್ಲ ಸಿಕ್ಕಾಕ್ಕೊಂಡಿದೀವಿ. ನೀನೂ ದಡಕ್ಕೆ ಹಾಕು."

ಮೇಡಂ ತಿರುಗಿ ನೋಡಿದರು. ಹುಟ್ಟನ್ನು ಕೆಸರಿಗೆ ಊರಿ ನಿಂತರು. ನೀರು ಅವರ ಎರಡೂ ಬದಿಯಿಂದ ಓಡಿಹೋಗುತ್ತಿತ್ತು.

"ನಿಂತ್ರೆ ನಾನೂ ಇಲ್ಲೇ ಕೂರ್ತೀನಿ" ಎಂದು ಅಲ್ಲಿಂದ ಕೂಗಿದರು. "ಹಮೀದಾಕ, ಮುಂದೆ ನೀರು ಇದೆಯಾ?"

ನಾವೆಲ್ಲರೂ ಹಮೀದಾಕನ ಬಾಯಿ ನೋಡಿದೆವು.  ಅವರು ಲುಂಗಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ಗೊತ್ತಿಲ್ಲ ಮೇಡಂ" ಎಂದರು. "ನನ್ನ ಹೊಳೆ ಅಲ್ಲ ಇದು."

 ಮೇಡಂ ಮುಖ ನನಗೆ ಸ್ಪಷ್ಟ ಕಾಣುತ್ತಿರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು ಮಾತ್ರ ಕಂಡಿತು. ಆಮೇಲೆ ಅವರು ಹುಟ್ಟನ್ನು ಕೆಸರಿನಿಂದ ಕಿತ್ತರು.

"ಸರಿ. ನಾನು ಹೋಗ್ತೀನಿ."

ಒಂದು ಬದಿ ಎರಡು, ಇನ್ನೊಂದು ಬದಿ ಎರಡು. ತಿರುವಿನಲ್ಲಿ ಮರಿಗೆ ಮರೆಯಾಯಿತು.

ಶ್ರೀನಾಥ್ ಸರ್ ಬ್ಯಾಕಪ್ ಪ್ಲಾನ್ ಇಲ್ಲದೆ ಬದುಕಿನಲ್ಲಿ ಮೊದಲ ಸಲ ಒಂದು ಕೆಲಸ ಮಾಡಿದರು. ಹೆಂಡತಿಯ ಹಿಂದೆ ಹೋಗಲು ಮಂಜಿಯಿಂದ ಹಾರಿದರು. ತೊಡೆಯವರೆಗೆ ಕೆಸರಿಗೆ ಇಳಿದರು. ಎಳೆದರೆ ಸರ್ ಬಂದರು, ಒಂದು ಕಾಲಿನ ಬ್ರಾಂಡೆಡ್ ಬೂಟು ಬರಲಿಲ್ಲ. ಮೂವರೂ ಹಿಡಿದು ಮಂಜಿಯ ಮೇಲೆ ಹಾಕುವಾಗ ಅವರು ನಮ್ಮೂರಿನ ಮಾರ್ಕೆಟ್ಟಿನಲ್ಲಿ ದೊಡ್ಡ ಅಂಜಲ್ ಮೀನನ್ನು ಹಲಗೆಯ ಮೇಲೆ ಹಾಕಿದ ಹಾಗೇ ಕಂಡರು. ಅದನ್ನು ಹೇಳಬಾರದಿತ್ತು, ಹೇಳಿದೆ.

ಕೆಸರು ಹೀಗಿದ್ದರೆ ನಡೆದುಹೋಗುವ ಮಾತೇ ಇರಲಿಲ್ಲ. ಸಮುದ್ರ ತಾನಾಗಿ ಬರುವ ತನಕ ಕಾಯಬೇಕು. ಕಾಯುವಾಗ ಎರಡು ಸತ್ಯಗಳು ತಿಳಿದವು. ಮೊದಲನೆಯದು, ಮೇಡಂ ಮೊಬೈಲು ಸೇಫಾಗಿ ನಮ್ಮಲ್ಲೇ ಇತ್ತು. ಎರಡನೆಯದನ್ನು ಪ್ರಶಾಂತ ಕಂಡುಹಿಡಿದ.

"ಬಿರಿಯಾನಿ ಹೋಯ್ತು" ಎಂದ.

ಎಲ್ಲರೂ ತಿರುವಿನ ಕಡೆ ನೋಡಿದೆವು.

"ಮೊಸರನ್ನವೂ" ಎಂದ.

ಜುಮಾಕ್ಕೆ ಅಳಿವೆಯ ಹತ್ತಿರದ ಮಸೀದಿಗೆ ತಲುಪುವುದೆಂದು ನಮ್ಮ ಲೆಕ್ಕವಿತ್ತು. ದೂರದಿಂದ ಬಾಂಗ್ ಕೇಳಿದಾಗ ಹಮೀದಾಕ, "ಪ್ರಯಾಣದಲ್ಲಿ ಇದ್ದವರಿಗೆ ಜುಮಾ ಕಡ್ಡಾಯ ಇಲ್ಲ" ಎಂದು ತಮಗೇ ಹೇಳಿಕೊಂಡರು. "ಅದು ಪ್ರಯಾಣ ಮಾಡ್ತಾ ಇದ್ದವರಿಗೆ ಹಮೀದಾಕ, ಕೂತವರಿಗಲ್ಲ" ಎಂದೆ. ಅವರು ಹೊಡೆಯಲು ಗಳ ಎತ್ತಿದರು, ವಾಲಿದ ದೋಣಿಯಲ್ಲಿ ಜಾರಿ ಮತ್ತೆ ಕೂತರು.

ಆದರೆ ಶ್ರೀನಾಥ್ ಸರ್ ತಿರುವಿನಿಂದ ಕಣ್ಣು ತೆಗೆದಿರಲಿಲ್ಲ. ನಾನು ಅವರನ್ನು ನಗಿಸಲು ಲೈಸೆನ್ಸ್ ಪರೀಕ್ಷೆಯವನ ಸ್ವರ ತೆಗೆದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಅವಳ ಎಲ್ಲಾ ಟೆಸ್ಟಿಗೂ ನಾನೇ ಕರ್ಕೊಂಡು ಹೋಗಿದೀನಿ ಕಣಪ್ಪ. ಹೊರಗೆ ಕಾದ್ಕೊಂಡು ಕೂತಿರ್ತಿದ್ದೆ. ಫೇಲ್ ಅಂತ ಬಂದು ಹೇಳ್ದಾಗ, ಬಿಡು, ನಾನಿದೀನಲ್ಲ ಅಂತಿದ್ದೆ." ಕಾಲಿನ ಕೆಸರನ್ನು ಉಗುರಿನಿಂದ ಕೆರೆದರು. "ಒಳಗೊಳಗೆ ನಿರಾಳ ಆಗ್ತಿತ್ತು. ಯಾಕೆ ಅಂತ ಕೇಳ್ಬೇಡ."

  ಬಿಸಿಲು ನೆತ್ತಿಯಿಂದ ಇಳಿಯಿತು. ಏಡಿಗಳಿಗೆ ನಮ್ಮ ಮೇಲಿದ್ದ ಕುತೂಹಲವೂ ಮುಗಿಯಿತು. ಹಮೀದಾಕ ನಾಲ್ಕು ಸಲ ಎದ್ದು ನಿಂತು ತಿರುವಿನ ಕಡೆ ನೋಡಿ ಕೂತರು. ಐದನೆಯ ಸಲ ಎದ್ದವರು ಕೂರಲಿಲ್ಲ.

"ಬಂತು" ಎಂದರು.

ಎದುರಿನ ಕೆಸರಿನ ಮೇಲೆ ನೀರಿನದೊಂದು ನಾಲಗೆ ಹರಿದು ಬರುತ್ತಿತ್ತು, ನೆಕ್ಕುತ್ತ, ಗುಂಡಿ ಗುಂಡಿ ತುಂಬುತ್ತ. ಅದರ ಹಿಂದೆ ಇನ್ನೊಂದು. ಆ ನೀರು ಅಂಗೈ ಆಳ ಆಗಿತ್ತೋ ಇಲ್ಲವೋ, ಅದರ ಮೇಲೆ ಸವಾರಿ ಮಾಡಿಕೊಂಡು ತಿರುವಿನಲ್ಲಿ ಮರಿಗೆ ಕಾಣಿಸಿತು. ಮೇಡಂ ಹುಟ್ಟು ಹಾಕುತ್ತಲೂ ಇರಲಿಲ್ಲ, ಸುಮ್ಮನೆ ದಿಕ್ಕು ಹಿಡಿದಿದ್ದರು. ತಲೆಗೆ ದುಪಟ್ಟ ಸುತ್ತಿ, ಮುಖ ಕೆಂಪಾಗಿ, ಲೈಫ್ ಜಾಕೆಟ್ಟಿನ ತುಂಬ ಉಪ್ಪಿನ ಗೆರೆ. ನಾವು ನಾಲ್ವರೂ ಎದ್ದು ನಿಂತು ಚೀರಾಡಿದೆವು. 

"ತಲುಪಿದ್ಯಾ?" ಎಂದರು ಸರ್. ಅವರ ಸ್ವರವನ್ನು ಇಂದಿಗೂ ನನಗೆ ಅನುಕರಿಸಲು ಬಂದಿಲ್ಲ.

"ಅಳಿವೆ ತನಕ ಹೋದೆ. ಕಾರ್ ಮುಟ್ಟಿದೆ" ಎಂದರು ಮೇಡಂ. ಒಂದೇ ಉಸಿರಿಗೆ ಎಲ್ಲ ಹೊರಬಂತು. "ಎರಡು ಕಡೆ ತಳ ತಾಗ್ತು, ಹುಟ್ಟು ಊರಿ ಬಿಡಿಸ್ಕೊಂಡೆ. ಇಳೀಲಿಲ್ಲ. ಅಲ್ಲೊಬ್ಬರು ಅಜ್ಜ ಇದ್ರಲ್ಲ, ಖರ್ಜೂರ, ಕಹ್ವಾ ಕೊಟ್ರು. ಮರಳಲ್ಲಿ ಕಡ್ಡಿ ನೆಟ್ಟು, ನೀರು ಇದನ್ನ ಮುಟ್ಟಿದಾಗ ಹೊರಡು ಅಂದ್ರು. ಹೊರಟೆ. ಬೆಳಿಗ್ಗೆ ನಿಮಗೂ ಅದೇ ಕೂಗಿ ಹೇಳಿದ್ರಂತೆ ಹಮೀದಾಕ, ಈಗಲೇ ಹೋಗಿ, ತಡ ಮಾಡಿದ್ರೆ ನೀರಿರಲ್ಲ ಅಂತ. ನೀವು ಕೈ ಬೀಸಿದ್ರಂತೆ."

ಹಮೀದಾಕ ಕೆಮ್ಮಿದರು. ಈ ಸಲ ಕೆಮ್ಮು ನನ್ನದಕ್ಕಿಂತ ಕಡೆಯಾಗಿತ್ತು.

ಬಿರಿಯಾನಿಯ ಪಾತ್ರೆ ದೋಣಿಯಿಂದ ದೋಣಿಗೆ ದಾಟಿತು. ತಟ್ಟೆಗಳು ಕಾರಿನಲ್ಲಿದ್ದವು, ಹಾಗಾಗಿ ಮುಚ್ಚಳದಲ್ಲಿ, ನೀರು ಮೊಗೆದ ಡಬ್ಬದ ಬೆನ್ನ ಮೇಲೆ, ಅಂಗೈಯಲ್ಲಿ ತಿಂದೆವು. ಮೊಸರನ್ನ ಇರಲಿಲ್ಲ, ಅದನ್ನು ಮೇಡಂ ಅಜ್ಜರಿಗೆ ಕೊಟ್ಟಿದ್ದರು. ನಾವು ತಿನ್ನುತ್ತಿದ್ದ ಹಾಗೆಯೇ ಮಂಜಿ ಒಮ್ಮೆ ನಡುಗಿ ನೆಟ್ಟಗಾಯಿತು.

ನೀರು ತುಂಬಿದ ಮೇಲೆ ಅದರ ಎದುರು ಹುಟ್ಟು ಹಾಕಿಕೊಂಡು ಅಳಿವೆಗೆ ಹೋಗಬೇಕಾಯಿತು. ಈಗ ಎಲ್ಲ ದಿಬ್ಬಗಳೂ ನೀರಿನಡಿ ಅಡಗಿದ್ದವು. ಅವು ಎಲ್ಲೆಲ್ಲಿವೆ ಎಂದು ಬಲ್ಲವರು ಒಬ್ಬರೇ. ಪ್ರತಿ ತಿರುವಿನಲ್ಲೂ ಹಮೀದಾಕ ಗಳ ಎತ್ತಿ ಹಿಡಿದು "ಮೇಡಂ, ಎಲ್ಲಿಂದ?" ಎಂದು ಕೇಳುವರು, ಮೇಡಂ ಹುಟ್ಟು ತೋರಿಸುವರು, ಮಂಜಿ ಆ ಕಡೆಗೆ ಮೂತಿ ತಿರುಗಿಸುವುದು. ಹಮೀದಾಕನಿಗೆ ಅದರಲ್ಲಿ ನಾಚಿಕೆ ಏನೂ ಇದ್ದ ಹಾಗೆ ಕಾಣಲಿಲ್ಲ. ನನ್ನ ಪ್ರಕಾರ ಅವರಿಗೆ ಅದು ಖುಷಿಯೇ ಆಗಿತ್ತು, ಯಾರನ್ನೋ ಕೇಳಿಕೊಂಡು ದೋಣಿ ನಡೆಸಿ ಎಷ್ಟು ಕಾಲವಾಗಿತ್ತೋ.

ಕೊನೆಯ ತಿರುವಿನಲ್ಲಿ ಗಿಡಗಳು ಎರಡೂ ಬದಿಗೆ ಸರಿದವು, ಗಾಳಿ ಮುಖಕ್ಕೆ ಬಡಿಯಿತು, ಮತ್ತು ಸಮುದ್ರ. ಸೂರ್ಯ ನಮ್ಮ ಹಿಂದೆ ಬೆಟ್ಟಗಳ ಕಡೆಗೆ ಇನ್ನೂ ಒಂದು ಆಳೆತ್ತರದಲ್ಲಿದ್ದ. ಅಜ್ಜರ ಬಲೆ ಮರಳಿನಲ್ಲಿ ಹರಡಿತ್ತು, ಅಜ್ಜ ಇರಲಿಲ್ಲ. ನಾವು ನಾಲ್ವರೂ ದೋಣಿಯಿಂದ ಬಿದ್ದೆವೋ ಇಳಿದೆವೋ ತಿಳಿಯದ ಹಾಗೆ ಮರಳಿಗೆ ಬಂದು ಅಂಗಾತ ಮಲಗಿದೆವು. ತೋಳುಗಳು ನಮ್ಮವಾಗಿ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶ್ರೀನಾಥ್ ಸರ್ ತಲೆ ಎತ್ತಿದರು. ಮರಿಗೆ ಇನ್ನೂ ನೀರಿನಲ್ಲೇ ಇತ್ತು. ಮೇಡಂ ಅಂಗೈಯ ಬೊಕ್ಕೆಗಳನ್ನು ನೀರಿಗದ್ದಿ ತೆಗೆದು, ದುಪಟ್ಟದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರು.

"ಇಳಿಯೇ ಜಯಾ, ಸಾಕಾಗಿರುತ್ತೆ" ಎಂದರು ಸರ್.

"ಒಲೆ ಹಿಂದಿನ ಡಿಕ್ಕೀಲಿದೆ" ಎಂದರು ಮೇಡಂ. "ನೀವು ಅನ್ನಕ್ಕಿಡಿ. ನಾನು ಇನ್ನೊಂದು ಸುತ್ತು ಹೋಗಿ ಬರ್ತೀನಿ."

ಅಳಿವೆಯ ಒಳಗಿನ ತಿಳಿನೀರಿನಲ್ಲಿ ಮರಿಗೆ ಮೆಲ್ಲನೆ ತಿರುಗಿತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ ಅದಕ್ಕೆ. ಹಮೀದಾಕ ಒಲೆ ಹುಡುಕಲು ಎದ್ದರು, ಪ್ರಶಾಂತ ಟೆಂಟಿನ ಚೀಲ ಎಳೆದ. ಶ್ರೀನಾಥ್ ಸರ್ ಒಂದೇ ಬೂಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಕಿ ತೊಳೆಯತೊಡಗಿದರು. ಕೈ ಪಾತ್ರೆಯಲ್ಲಿತ್ತು, ಕಣ್ಣು ನೀರಿನ ಮೇಲೆ. ಅರ್ಧ ಅಕ್ಕಿ ಮರಳಿಗೆ ಹೋಗುತ್ತಿದ್ದದ್ದನ್ನು ನಾನು ನೋಡಿದೆ, ಆದರೆ ಅವರನ್ನು ಕರೆಯಲಿಲ್ಲ.